ಕ್ಲಿಕ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ: ವಿಂಡೋ ಫೋಕಸ್ ಎಂದರೇನು?

ತುರ್ವಿಹಾಳದಂತಹ ಹೋಬಳಿ ಕೇಂದ್ರದ ಒಂದು ಗಣಕಯಂತ್ರ ಮಳಿಗೆಯನ್ನು ಊಹಿಸಿಕೊಳ್ಳಿ. ಬೆಳೆಸಾಲದ ಅರ್ಜಿ ತುಂಬಿಸಲು ಬಂದ ರೈತ ಪಹಣಿ ಹಿಡಿದು ನಿಂತಿದ್ದಾನೆ. ಪರದೆಯ ಮೇಲೆ ಅರ್ಜಿಯ ಪುಟ, ಪಹಣಿಯ ಪ್ರತಿ, ಸಂದೇಶದ ಕಿಟಕಿ ಎಲ್ಲವೂ ತೆರೆದಿವೆ. ಟೈಪ್ ಮಾಡುವವರ ಕಣ್ಣು ಕಾಗದದ ಮೇಲಿದೆ, ಬೆರಳು ಕೀಲಿಮಣೆಯ ಮೇಲೆ. ತಲೆಯೆತ್ತಿ ನೋಡಿದರೆ ಸರ್ವೆ ನಂಬರು ಅರ್ಜಿಯಲ್ಲಿಲ್ಲ, ಸಂದೇಶದ ಕಿಟಕಿಯಲ್ಲಿದೆ! ಅದು ಗುಪ್ತಪದವಾಗಿದ್ದರೆ ಅಪರಿಚಿತರ ಕೈಸೇರುವ ಅಪಾಯವೂ ಉಂಟು. ಇದು ಯಂತ್ರದ ದೋಷವೆಂದೂ ಕೈತಪ್ಪೆಂದೂ ಜನ ಭಾವಿಸುತ್ತಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಇದರ ಮೂಲ ‘ಫೋಕಸ್’ ಎಂಬ ವ್ಯವಸ್ಥೆಯಲ್ಲಿದೆ.

ಫೋಕಸ್ ಎಂದರೆ

ಪರದೆಯ ಮೇಲೆ ಎಷ್ಟೇ ವಿಂಡೋಗಳು ತೆರೆದಿದ್ದರೂ ಕೀಲಿಮಣೆ ಮಾತ್ರ ಒಂದೇ. ಒತ್ತಿದ ಅಕ್ಷರ ಯಾವ ವಿಂಡೋವಿಗೆ ಸೇರಬೇಕೆಂಬ ನಿರ್ಧಾರವೇ ಫೋಕಸ್. ಫೋಕಸ್ ಪಡೆದ ವಿಂಡೋವನ್ನು ಸಕ್ರಿಯ ವಿಂಡೋ ಎನ್ನುತ್ತಾರೆ. ಎಲ್ಲಕ್ಕಿಂತ ಮೇಲೆ ಕಾಣುವ ವಿಂಡೋವೇ ಸಕ್ರಿಯ ವಿಂಡೋ ಆಗಿರಬೇಕೆಂಬ ನಿಯಮವಿಲ್ಲ. ಇವೆರಡೂ ಬೇರೆಬೇರೆ ಸಂಗತಿಗಳು. ಗೊಂದಲ ಆರಂಭವಾಗುವುದೇ ಇಲ್ಲಿ.

ಒಂದು ಕ್ಲಿಕ್, ಮೂರು ಕೆಲಸ

ಹಿಂದೆ ಮರೆಯಾಗಿರುವ ವಿಂಡೋವಿನ ಮೇಲೆ ಕ್ಲಿಕ್ಕಿಸಿದಾಗ ಮೂರು ಕೆಲಸಗಳು ನಡೆಯಬಹುದು. ಆ ವಿಂಡೋವಿಗೆ ಫೋಕಸ್ ದೊರೆಯುವುದು ಮೊದಲನೆಯದು. ಅದು ಮುಂದೆ ಬರುವುದು ಎರಡನೆಯದು. ಕ್ಲಿಕ್ಕಿಸಿದ ಜಾಗದಲ್ಲಿರುವ ಗುಂಡಿಗೆ ಆ ಕ್ಲಿಕ್ ತಲುಪುವುದು ಮೂರನೆಯದು. ಈ ಮೂರರಲ್ಲಿ ಯಾವುದು ನಡೆಯಬೇಕೆಂಬುದನ್ನು ಒಂದೊಂದು ವ್ಯವಸ್ಥೆ ಒಂದೊಂದು ರೀತಿ ನಿರ್ಧರಿಸುತ್ತದೆ.

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೂರೂ ಒಟ್ಟಿಗೆ ನಡೆಯುತ್ತವೆ. ಮ್ಯಾಕ್‌ನಲ್ಲಿ ಮೊದಲ ಕ್ಲಿಕ್ ಅನೇಕ ಕಡೆ ವಿಂಡೋವನ್ನು ಮುಂದೆ ತರುವುದಕ್ಕಷ್ಟೇ ವ್ಯಯವಾಗುತ್ತದೆ, ಗುಂಡಿ ಒತ್ತಲು ಮತ್ತೊಮ್ಮೆ ಕ್ಲಿಕ್ಕಿಸಬೇಕು. ಕೆಲವು ಗುಂಡಿಗಳು ಮಾತ್ರ ಮೊದಲ ಕ್ಲಿಕ್ಕಿಗೇ ಸ್ಪಂದಿಸುತ್ತವೆ. ಬಳಸುವವರಿಗೆ ಇದು ಅಸಂಗತವಾಗಿ ತೋರುವುದು ಸಹಜ.

ಲಿನಕ್ಸ್ ಜಗತ್ತಿನಲ್ಲಿ ಆಯ್ಕೆಗಳು ಇನ್ನೂ ಹೆಚ್ಚು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭಗೊಂಡ ಎಕ್ಸ್ ವಿಂಡೋ ವ್ಯವಸ್ಥೆಯು ಈ ನಿರ್ಧಾರವನ್ನು ತಾನೇ ಮಾಡದೆ ‘ವಿಂಡೋ ಮ್ಯಾನೇಜರ್’ ಎಂಬ ಪ್ರತ್ಯೇಕ ತಂತ್ರಾಂಶಕ್ಕೆ ಬಿಟ್ಟಿತು. ಹೀಗಾಗಿ ಗ್ನೋಮ್‌ನಲ್ಲಿ ಮೂರು ಬಗೆಗಳಿವೆ: ಕ್ಲಿಕ್ಕಿಸಿದರೆ ಮಾತ್ರ ಫೋಕಸ್; ಮೌಸ್ ಮೇಲೆ ಹಾದರೆ ಸಾಕು, ಖಾಲಿ ಜಾಗಕ್ಕೆ ಹೋದರೂ ಹಿಂದಿನ ವಿಂಡೋದಲ್ಲೇ ಉಳಿಯುವ ಫೋಕಸ್; ಮೌಸ್ ಖಾಲಿ ಜಾಗಕ್ಕೆ ಹೋದೊಡನೆ ಕಳಚಿಹೋಗುವ ಫೋಕಸ್. ಕೆಡಿಇಯಲ್ಲಿ ಕ್ಲಿಕ್ ಒಳಗಿನ ಗುಂಡಿಗೆ ತಲುಪಬೇಕೇ ಬೇಡವೇ ಎಂಬುದನ್ನೂ ಬಳಕೆದಾರರೇ ಹೊಂದಿಸಬಹುದು. ಒಬ್ಬರು ಹೊಂದಿಸಿದ ಯಂತ್ರದಲ್ಲಿ ಇನ್ನೊಬ್ಬರು ಕುಳಿತಾಗ ತಬ್ಬಿಬ್ಬಾಗುವುದು ಇದರಿಂದಲೇ.

ಫೋಕಸ್ ಕಸಿಯುವ ತಂತ್ರಾಂಶಗಳು

ನಾವು ಕ್ಲಿಕ್ಕಿಸದಿದ್ದರೂ ಹೊಸ ಕಿಟಕಿಯೊಂದು ತಾನಾಗಿ ಮುಂದೆ ಬಂದು ಟೈಪ್ ಮಾಡುತ್ತಿರುವ ಅಕ್ಷರಗಳನ್ನು ಕಸಿದುಕೊಳ್ಳುವುದುಂಟು. ಇದನ್ನು ತಡೆಯಲು ವಿಂಡೋಸ್ 98 ಮತ್ತು ವಿಂಡೋಸ್ 2000 ಆವೃತ್ತಿಗಳಿಂದ ನಿರ್ಬಂಧ ಜಾರಿಗೆ ಬಂತು. ಅನುಮತಿಯಿಲ್ಲದ ತಂತ್ರಾಂಶ ಮುನ್ನುಗ್ಗಲು ಯತ್ನಿಸಿದರೆ ಕೆಳಗಿನ ಪಟ್ಟಿಯಲ್ಲಿ ಅದರ ಗುಂಡಿ ಮಿನುಗುತ್ತದೆ, ಅಷ್ಟೇ. ಗ್ನೋಮ್‌ನಲ್ಲಿ ಇಂತಹ ವಿಂಡೋ ಸಿದ್ಧವಾಗಿದೆಯೆಂಬ ಸೂಚನೆ ಮೂಡುತ್ತದೆ. ಕೆಡಿಇಯಲ್ಲಿ ಈ ತಡೆಯ ಬಿಗಿಯನ್ನು ಹಂತಹಂತವಾಗಿ ಹೆಚ್ಚಿಸಬಹುದು. ಆದರೆ ತಡೆ ಬಿಗಿಯಾದಷ್ಟೂ, ನಾವೇ ಬಯಸಿ ತೆರೆದ ವಿಂಡೋ ಕೂಡ ಹಿಂದೆಯೇ ಉಳಿಯುವ ಸಂಭವವಿದೆ.

ಕನ್ನಡ ಟೈಪಿಸುವವರಿಗೆ ಇನ್ನೊಂದು ತೊಡಕು

ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಳಸುವವರಿಗೆ ಫೋಕಸ್ ಬದಲಾದಾಗ ಭಾಷೆಯೂ ಬದಲಾಗಬಹುದು. ಹಳೆಯ ವಿಂಡೋಸ್ ಆವೃತ್ತಿಗಳು ಯಾವ ವಿಂಡೋದಲ್ಲಿ ಯಾವ ಕೀಲಿವಿನ್ಯಾಸವಿತ್ತೆಂಬುದನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತಿದ್ದವು. 2012ರ ವಿಂಡೋಸ್ 8ರಿಂದ ಈ ಪದ್ಧತಿ ಬದಲಾಗಿ, ಆಯ್ದ ಭಾಷೆ ಎಲ್ಲ ವಿಂಡೋಗಳಿಗೂ ಅನ್ವಯಿಸತೊಡಗಿತು. ಹಳೆಯ ಪದ್ಧತಿ ಬೇಕೆನ್ನುವವರು ಭಾಷೆಯ ಸೆಟ್ಟಿಂಗ್‌ನಲ್ಲಿ ಅದನ್ನು ಮರಳಿ ಪಡೆಯಬಹುದು. ಗ್ನೋಮ್ ಕೂಡ ಈ ಎರಡೂ ಆಯ್ಕೆಗಳನ್ನು ನೀಡುತ್ತದೆ. ಕಗಪ ವಿನ್ಯಾಸದಲ್ಲಿ ವರದಿ ಬರೆಯುತ್ತಾ, ಇಂಗ್ಲಿಷ್‌ನಲ್ಲಿ ಇಮೇಲ್ ವಿಳಾಸ ತುಂಬುವವರಿಗೆ ಪ್ರತಿ ವಿಂಡೋವಿಗೂ ಪ್ರತ್ಯೇಕ ಭಾಷೆ ಅನುಕೂಲ. ಒಂದೇ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕೂ ಒಂದೇ ಎಂಬುದೇ ನೆಮ್ಮದಿ.

ಪಾಲಿಸಬೇಕಾದ ಎಚ್ಚರಗಳು

ಟೈಪ್ ಮಾಡುವ ಮುನ್ನ ಮಿನುಗುವ ಗೆರೆ ಎಲ್ಲಿದೆಯೆಂದು ನೋಡಿ. ಫೋಕಸ್ ಎಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಿಂದಿನ ವಿಂಡೋವನ್ನು ಮುಂದೆ ತರಲು ಅದರ ಶೀರ್ಷಿಕೆ ಪಟ್ಟಿಯ ಖಾಲಿ ಭಾಗದ ಮೇಲೆ ಕ್ಲಿಕ್ಕಿಸಿ. ಒಳಗಿನ ಗುಂಡಿ ಅಕಸ್ಮಾತ್ ಒತ್ತಿಹೋಗುವುದು ತಪ್ಪುತ್ತದೆ. ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದಲೂ ವಿಂಡೋ ಬದಲಾಯಿಸಬಹುದು. ಮೌಸ್ ಹಾದ ಮಾತ್ರಕ್ಕೆ ವಿಂಡೋ ಸಕ್ರಿಯವಾಗುತ್ತಿದ್ದರೆ ಆ ಸೆಟ್ಟಿಂಗ್ ಅನ್ನು ಪರಿಶೀಲಿಸಿ. ವಿಂಡೋಸ್ 10ರಿಂದ ಮೌಸಿನ ಗಾಲಿ ತಿರುಗಿಸಿದಾಗ ಫೋಕಸ್ ಇಲ್ಲದ ವಿಂಡೋ ಕೂಡ ಸರಿಯಬಲ್ಲದು. ಆದ್ದರಿಂದ ಪುಟ ಸರಿಯಿತೆಂದ ಮಾತ್ರಕ್ಕೆ ಅಕ್ಷರವೂ ಅಲ್ಲೇ ಮೂಡುತ್ತದೆಂದು ನಂಬಬೇಡಿ.

ಗುಪ್ತಪದ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ತುಂಬುವಾಗ ಸಂದೇಶದ ಕಿಟಕಿಗಳನ್ನು ಮುಚ್ಚಿಬಿಡುವುದೇ ಕ್ಷೇಮ. ಕಾಗದದ ಮೇಲಿನ ಕಣ್ಣನ್ನು ಒಂದು ಕ್ಷಣ ಪರದೆಯತ್ತ ತಿರುಗಿಸಿದರೆ, ರೈತನೊಬ್ಬ ತಪ್ಪು ಸರ್ವೆ ನಂಬರಿಗಾಗಿ ಮತ್ತೆ ಕಚೇರಿಗೆ ಅಲೆಯುವುದು ತಪ್ಪೀತು.