ಪಂಡಿತಾ ರಮಾಬಾಯಿಯವರ ಎರಡನೆಯ ತಿರುವು: ಕ್ರೈಸ್ತ ಬದುಕಿನಲ್ಲಿ ಆತ್ಮತೃಪ್ತಿಯ ಪ್ರಶ್ನೆ

ಮುಂಬಯಿಯಿಂದ ಹೊರಟ ರೈಲುಹಾದಿ ಠಾಣೆ, ಡೊಂಬಿವಲಿಗಳನ್ನು ದಾಟಿ ಕಲ್ಯಾಣದಲ್ಲಿ ಕವಲೊಡೆಯುತ್ತದೆ. ಒಂದು ಕವಲು ನಾಸಿಕದ ಕಡೆಗೆ ಸಾಗಿದರೆ, ಇನ್ನೊಂದು ಕರ್ಜತ್ ಹಾಗೂ ಭೋರ್ ಘಾಟಿನ ಮೂಲಕ ಪುಣೆ, ಸೊಲ್ಲಾಪುರ, ಕಲಬುರಗಿ, ರಾಯಚೂರುಗಳನ್ನು ಮುಟ್ಟುತ್ತದೆ. ಕಲ್ಯಾಣವೆಂದೊಡನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಬಸವಣ್ಣನವರ ಕಲ್ಯಾಣ ನೆನಪಾಗುವುದು ಸಹಜ, ಇದು ಅದಲ್ಲ. ಆದರೆ ಈ ಎರಡನೆಯ ಕವಲು ಆ ಕಲ್ಯಾಣದ ನೆರೆನಾಡಿಗೇ ಒಯ್ಯುತ್ತದೆಂಬುದೂ ನಿಜ. ಮುಂಬಯಿ-ಠಾಣೆಗಳ ನಡುವೆ 1853ರ ಏಪ್ರಿಲ್ 16ರಂದು ಮೊದಲ ಪ್ರಯಾಣಿಕರ ಗಾಡಿ ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. 1863ರಲ್ಲಿ ಭೋರ್ ಘಾಟನ್ನು ಏರಿತು. 1871ರಲ್ಲಿ ರಾಯಚೂರನ್ನು ಸೇರಿತು. ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಕನ್ನಡಿಗರಿಗೆ ಇದು ಊರಿನ ದಾರಿ. ಈ ದಾರಿಯಲ್ಲಿ ಪುಣೆ ದಾಟಿದ ಮೇಲೆ, ದೌಂಡಿಗೆ ಮೊದಲು, ಕೇಡಗಾಂವ್ ಎಂಬ ಸಣ್ಣ ನಿಲ್ದಾಣವಿದೆ. ಅದನ್ನು ಕಿಟಕಿಯಿಂದ ಗುರುತಿಸುವವರು ವಿರಳ. ಪಂಡಿತಾ ರಮಾಬಾಯಿ ಸರಸ್ವತಿಯವರ ಮುಕ್ತಿ ಸದನವಿರುವುದು ಅಲ್ಲಿ.

ಈ ಪ್ರದೇಶದ ಕ್ರೈಸ್ತ ಚರಿತ್ರೆ ರೈಲಿಗಿಂತ ಬಹಳ ಹಳೆಯದು. 1321ರಲ್ಲಿ ಟೊಲೆಂಟಿನೊದ ಥಾಮಸ್ ಮತ್ತು ಆತನ ಸಂಗಡಿಗರಾದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಠಾಣೆಯಲ್ಲಿ ಹತರಾದರು. ಹಿಂಸೆಯ ಕಾಲದಲ್ಲಿ ನಂಬಿಕೆ ಎಚ್ಚರವಾಗಿರುವುದು ಅರ್ಥವಾಗುವ ಸಂಗತಿ. ಹಿಂಸೆಯಿಲ್ಲದ ಕಾಲದಲ್ಲಿ, ದೀಕ್ಷಾಸ್ನಾನವಾಗಿ, ಸಭೆಯ ಪಟ್ಟಿಯಲ್ಲಿ ಹೆಸರು ಸೇರಿ, ಬದುಕು ಒಂದು ಹದಕ್ಕೆ ಬಂದ ಮೇಲೆ ನಂಬಿಕೆಗೆ ಏನಾಗುತ್ತದೆ ಎಂಬುದೇ ಕಠಿಣವಾದ ಪ್ರಶ್ನೆ. ಪ್ರಕಟನೆಯ ಗ್ರಂಥದಲ್ಲಿ ಲವೊದಿಕೀಯದ ಸಭೆಯನ್ನು ಕುರಿತು ಬರುವ ಆಕ್ಷೇಪಣೆಗೆ ಕನ್ನಡ ಬೈಬಲು ‘ಉಗುರುಬೆಚ್ಚಗೆ’ ಎಂಬ ಮಾತನ್ನು ಬಳಸಿದೆ. ಅಡುಗೆಮನೆಯ, ಬಚ್ಚಲುಮನೆಯ ಈ ಮಾತು ಆತ್ಮತೃಪ್ತಿ ಎಂಬ ಸಂಸ್ಕೃತಪದಕ್ಕಿಂತ ಹೆಚ್ಚು ನಿಖರವಾಗಿದೆ ಎಂದು ನನಗೆ ಅನ್ನಿಸುತ್ತದೆ. ಕನ್ನಡ ನಾಡಿಗೆ ಈ ಪ್ರಶ್ನೆಯನ್ನು ಮುಖ್ಯವಾಗಿ ತಂದವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು. ಅವರ ಹಿಂದಿದ್ದ ಜರ್ಮನ್ ಭಕ್ತಿಪಂಥವು, ಸ್ಪೇನರ್ 1675ರಲ್ಲಿ ಪ್ರಕಟಿಸಿದ ‘ಪಿಯಾ ಡೆಸಿಡೆರಿಯಾ’ದ ಕಾಲದಿಂದಲೂ, ಲೂಥರನ ಸಭೆಯೊಳಗಣ ಜಡತೆಯ ವಿರುದ್ಧವೇ ಹುಟ್ಟಿ ಬೆಳೆದದ್ದು. ಆದರೆ ಮೋಗ್ಲಿಂಗ್, ಕಿಟ್ಟೆಲ್ ಎಂದು ಹೇಳಿ ಅಲ್ಲಿಗೇ ನಿಂತುಬಿಡುವುದು ನಮ್ಮ ಅಧ್ಯಯನಗಳಿಗೆ ಅಂಟಿದ ರೂಢಿ. ರಮಾಬಾಯಿಯವರನ್ನು ನಾವು ಮರಾಠಿಯ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ.

ಅವರು ಹುಟ್ಟಿದ್ದು 1858ರ ಏಪ್ರಿಲಿನಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತುಂಗೆ, ಭದ್ರೆ, ನೇತ್ರಾವತಿಗಳ ಉಗಮದ ನೆಲೆ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಮನೆತನದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ಸಮಾಧಾನ ಹೇಳಬೇಕಾಗಿ ಬಂದವರು. ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ನಡೆಯಿತು. ಇದ್ದದ್ದೆಲ್ಲ ದಾನಕ್ಕೂ ವ್ರತಕ್ಕೂ ಹೋಯಿತು. 1874ರ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣತಂಗಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿಯೇ ಆಕೆಗೆ ‘ಪಂಡಿತಾ’, ‘ಸರಸ್ವತಿ’ ಬಿರುದುಗಳು ಬಂದವು. ಅಣ್ಣನ ಸಾವು, ಬಿಪಿನ್ ಬಿಹಾರಿ ಮೇಧ್ವಿಯವರೊಡನೆ ವಿವಾಹ, ಮಗಳು ಮನೋರಮೆಯ ಜನನ, 1882ರ ಆರಂಭದಲ್ಲಿ ಪತಿಯ ಮರಣ, ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ: ಇವು ಸುಪರಿಚಿತ ಸಂಗತಿಗಳು. 1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅದೇ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಚರಿತ್ರೆಕಾರರಲ್ಲಿ ಹೆಚ್ಚಿನವರು ಮತಾಂತರದ ಪ್ರಶ್ನೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಪುಣೆಯ ಟೀಕಾಕಾರರೂ ವಾಂಟೇಜಿನ ಸನ್ಯಾಸಿನಿಯರೂ ಮುಗಿಸಿದ್ದು ಹಾಗೆಯೇ: ಒಬ್ಬರಿಗೆ ಆಕೆ ಕಳೆದುಹೋದವಳು, ಮತ್ತೊಬ್ಬರಿಗೆ ದೊರಕಿದವಳು. ರಮಾಬಾಯಿಯವರೇ ಮುಗಿಸಲಿಲ್ಲ. 1907ರಲ್ಲಿ ಬರೆದ ಸಾಕ್ಷಿಕಥನದಲ್ಲಿ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ಅಂದರೆ 1891ರ ಸುಮಾರಿಗೆ, ತಾನು ಕಂಡುಕೊಂಡಿದ್ದುದು ಕ್ರೈಸ್ತಧರ್ಮವನ್ನೇ ಹೊರತು ಕ್ರಿಸ್ತನನ್ನಲ್ಲ ಎಂಬ ಅರಿವು ಮೂಡಿತೆಂದು ಅವರು ಹೇಳಿಕೊಂಡಿದ್ದಾರೆ. ಆ ಧರ್ಮ ಒಳ್ಳೆಯದೆಂಬ ಸಮಾಧಾನವೇ ಅಡ್ಡಿಯಾಗಿತ್ತೆಂಬುದು ಆ ಮಾತಿನ ಅಭಿಪ್ರಾಯ.

ಈ ಒಪ್ಪಿಗೆಯನ್ನು ಭಕ್ತಿಸಾಹಿತ್ಯದಲ್ಲಿ ಸಾಮಾನ್ಯವಾದ ಆತ್ಮನಿಂದೆಯೆಂದು ತಳ್ಳಿಹಾಕುವಂತಿಲ್ಲ. ಆ ಎಂಟು ವರ್ಷಗಳಲ್ಲಿ ಆಕೆ ಬುದ್ಧಿಯಿಂದ ಮಲಗಿದವರಲ್ಲ. ಸಿಸ್ಟರ್ ಜೆರಾಲ್ಡೀನ್ ಹಾಗೂ ಡೊರೊಥಿಯಾ ಬೀಲ್ ಅವರೊಡನೆ ನಡೆಸಿದ ಪತ್ರವ್ಯವಹಾರದಲ್ಲಿ (ಇದು 1977ರಲ್ಲಿ ಅಚ್ಚಾಗಿದೆ) ತ್ರಿತ್ವದಿಂದ ಹಿಡಿದು ಸಭೆಯ ಅಧಿಕಾರದವರೆಗೆ ಎಲ್ಲವನ್ನೂ ಪ್ರಶ್ನಿಸಿದ್ದಾರೆ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವೇಕಿರಬಾರದು ಎಂದು ಕೇಳಿದ್ದಾರೆ. ಅಮೆರಿಕದಲ್ಲಿ 1887ರಲ್ಲಿ ‘ಉಚ್ಚಜಾತಿಯ ಹಿಂದೂ ಸ್ತ್ರೀ’ಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಿದ್ದಾರೆ. ವಾದವೂ ಸೇವೆಯೂ ತುಂಬಿದ್ದ ಬದುಕು ಅದು. ಆತ್ಮತೃಪ್ತಿಯೆಂದರೆ ಸೋಮಾರಿತನ, ಅದಕ್ಕೆ ಮದ್ದು ಚಟುವಟಿಕೆ ಎಂಬ ಸಾಮಾನ್ಯ ಗ್ರಹಿಕೆಯನ್ನು ಈ ಪ್ರಕರಣ ಒಪ್ಪುವುದಿಲ್ಲ. ಸಂದೇಹಪಡುತ್ತಿರುವಾಗಲೂ, ಒಳ್ಳೆಯ ಕೆಲಸ ಮಾಡುತ್ತಿರುವಾಗಲೂ ಮನಸ್ಸು ಉಗುರುಬೆಚ್ಚಗಿರಬಹುದು ಎಂಬುದು ಆಕೆ ತನ್ನ ಮೇಲೆ ತಾನೇ ಹೊರಿಸಿಕೊಂಡ ಆರೋಪ.

ಎಚ್ಚರಿಸಿದ ಪುಸ್ತಕವನ್ನೂ ಅವರು ಹೆಸರಿಸಿದ್ದಾರೆ. ಅದು ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆ. ಆತ 1851ರಲ್ಲಿ, ಕಾರ್ನ್‌ವಾಲಿನ ತನ್ನದೇ ದೇವಾಲಯದಲ್ಲಿ, ತಾನೇ ಮಾಡುತ್ತಿದ್ದ ಪ್ರಸಂಗದ ನಡುವೆ ಮಾರ್ಪಟ್ಟವನು. ಪುರಾಣ ಹೇಳುವ ಮನೆಯಲ್ಲಿ ಬೆಳೆದ ರಮಾಬಾಯಿಯವರಿಗೆ, ಹೇಳುವವನಿಗೇ ತನ್ನ ಮಾತು ತಟ್ಟಿದ ಈ ಕಥೆ ನಾಟಿದ್ದರಲ್ಲಿ ಆಶ್ಚರ್ಯವಿಲ್ಲ. ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ಲಾಂಛನ ಮತ್ತು ಆಚರಣೆಗಳ ನಡುವೆ ವಚನಕಾರರು ಕಂಡ ಬಿರುಕು ನೆನಪಾಗಬಹುದು. ಸಾಮ್ಯವನ್ನು ಹೆಚ್ಚು ಎಳೆಯಬಾರದು. ವಚನಕಾರರ ಟೀಕೆ ಬಹುಮಟ್ಟಿಗೆ ಡಂಭವನ್ನು ಕುರಿತದ್ದು, ರಮಾಬಾಯಿಯವರಲ್ಲಿ ಡಂಭವಿರಲಿಲ್ಲ.

ಮುಂದಿನ ಘಟ್ಟ ಸಾಮೂಹಿಕವಾದುದು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ, 1900ರಲ್ಲಿ ಗುಜರಾತಿನಿಂದ ಕರೆತಂದ ಹೆಣ್ಣುಮಕ್ಕಳಿಂದ ಕೇಡಗಾಂವ್ ತುಂಬಿತು. ಅನ್ನ, ಬಟ್ಟೆ, ಕಸುಬು, ಅಕ್ಷರಗಳೊಡನೆ ದೀಕ್ಷಾಸ್ನಾನವೂ ದೊರೆಯುವ ಕಡೆ ನಾಮಧಾರಿ ಕ್ರೈಸ್ತರು ಹೆಚ್ಚುವುದು ಸುಲಭ. ಅದನ್ನು ಮೊದಲು ಗುರುತಿಸಿದವರು ಹೊರಗಿನ ಟೀಕಾಕಾರರಲ್ಲ, ರಮಾಬಾಯಿಯವರೇ. 1905ರ ಜನವರಿಯಲ್ಲಿ ಅವರು ಕೇಳಿದ್ದು ದಿನಂಪ್ರತಿ ಪ್ರಾರ್ಥನೆಗೆ ಕೂಡುವವರನ್ನು. ಸುಮಾರು 70 ಮಂದಿಯಿಂದ ಆರಂಭವಾದ ಕೂಟ ಜೂನ್ ವೇಳೆಗೆ 500ನ್ನು ಮೀರಿತ್ತು. ಜೂನ್ 29ರ ನಸುಕಿನಲ್ಲಿ ‘ಉಜ್ಜೀವನ’ ಮೊದಲಾಯಿತು. (ಕನ್ನಡ ಕ್ರೈಸ್ತರ ಬಳಕೆಯಲ್ಲಿರುವ ಈ ಪದ ಶ್ರೀವೈಷ್ಣವರಿಗೂ ಪರಿಚಿತವೆಂಬುದು ಸ್ವಾರಸ್ಯದ ಸಂಗತಿ.) ಒಬ್ಬಳ ಮೇಲೆ ಬೆಂಕಿ ಇಳಿದಂತೆ ಕಂಡು ಮತ್ತೊಬ್ಬಳು ನೀರು ತರಲು ಓಡಿದಳೆಂದು ಸಹೋದ್ಯೋಗಿ ಮಿನ್ನಿ ಅಬ್ರಾಮ್ಸ್ ಬರೆದಿದ್ದಾರೆ. ಚರಿತ್ರೆಕಾರ ಆ ಬೆಂಕಿಯ ಬಗ್ಗೆ ತೀರ್ಪು ಕೊಡಲಾರ. ಹುಡುಗಿಯರು ತಮ್ಮ ತಪ್ಪುಗಳನ್ನು ಬಾಯಿಬಿಟ್ಟು ಹೇಳಿಕೊಂಡರು, ಗಟ್ಟಿಯಾಗಿ ಅತ್ತರು, ಬಳಿಕ ತಂಡಗಳಾಗಿ ಸುತ್ತಣ ಹಳ್ಳಿಗಳಿಗೆ ಹೋದರು. ಅದು ದಾಖಲಾದ ಸಂಗತಿ.

ಈ ಗದ್ದಲ ಮಿಶನರಿಗಳಲ್ಲಿ ಹಲವರಿಗೆ ಹಿಡಿಸಲಿಲ್ಲ. ಅನ್ಯಭಾಷೆಗಳಲ್ಲಿ ನುಡಿಯುವ ಅನುಭವ ರಮಾಬಾಯಿಯವರಿಗೆ ಸ್ವತಃ ಆಗಲಿಲ್ಲ. ಆದರೂ 1907ರಲ್ಲಿ ಅವರು ಹುಡುಗಿಯರ ಪರವಾಗಿ ನಿಂತರು: ಉಜ್ಜೀವನವು ಭಾರತೀಯರಿಗೆ ಅವರ ಸ್ವಭಾವಕ್ಕೆ ಒಪ್ಪುವಂತೆ ಬರಲಿ, ಪಾಶ್ಚಾತ್ಯ ಸಭ್ಯತೆಯ ಅಳತೆಗೋಲಿಗೆ ತಕ್ಕಂತೆ ಅಲ್ಲ ಎಂಬುದು ಅವರ ವಾದ. ಶಿಲುಬೆಯ ಮೇಲಿನ ಲ್ಯಾಟಿನ್ನನ್ನು ಪ್ರಶ್ನಿಸಿದ ಮನಸ್ಸೇ ಇದು. ಇಲ್ಲಿಯ ಸುದ್ದಿ ದೂರವೂ ಹೋಯಿತು. ಅಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಿಕೆ ಚಿಲಿಯ ವಾಲ್ಪರೈಸೊದಲ್ಲಿದ್ದ ಹೂವರ್ ದಂಪತಿಗಳನ್ನು ತಲುಪಿ, 1909ರಲ್ಲಿ ಅಲ್ಲಿ ತಲೆಯೆತ್ತಿದ ಪೆಂತೆಕೊಸ್ತ್ ಚಳುವಳಿಗೆ ಪ್ರೇರಣೆಯಾಯಿತು.

ಅದೇ ಹಳಿಯ ಮೇಲೆ, ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, 1912ರ ಸುಮಾರಿಗೆ ರಮಾಬಾಯಿಯವರು ಮನೋರಮೆಯ ನೆರವಿನಿಂದ ಶಾಲೆಯೊಂದನ್ನು ತೆರೆದರು. ಕನ್ನಡ ನೆಲಕ್ಕೆ ಅವರು ಮರಳಿದ್ದು ಹೀಗೆ. ಕೊನೆಯ ವರ್ಷಗಳು ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸದಲ್ಲಿ ಕಳೆದವು. ಆಗ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಭೂಯಿಷ್ಠ ಮಾತು ಹಳ್ಳಿಯ ಹೆಣ್ಣುಮಕ್ಕಳಿಗೆ ಮುಟ್ಟದೆಂದು, ಬಾಲ್ಯದಲ್ಲೇ ಭಾಗವತವನ್ನು ಬಾಯಿಪಾಠ ಮಾಡಿದ್ದ ಈ ಪಂಡಿತೆ ಆಡುಮಾತನ್ನೇ ಆರಿಸಿಕೊಂಡರು. 1921ರಲ್ಲಿ ಮನೋರಮೆ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿ. ಅನುವಾದ ಅಷ್ಟರಲ್ಲಿ ಮುಗಿದಿತ್ತು. ಇಡಿಯ ಗ್ರಂಥ ಕೇಡಗಾಂವಿನ ಮುದ್ರಣಾಲಯದಿಂದ 1924ರಲ್ಲಿ ಹೊರಬಂತು.