ಬಿಲ್ಲೆಗಳ ಸದ್ದು

ಸಾಂಬಾ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಟಿ.ವಿ.ಯಲ್ಲಿ ಕಾಣುವ, ಗರಿ ಕಟ್ಟಿಕೊಂಡವರ ಕುಣಿತ. ಅದನ್ನು ಬೆಳೆಸಿದವರಲ್ಲಿ ಹೊಟ್ಟೆಪಾಡಿಗೆ ಊರು ಬಿಟ್ಟವರೇ ಹೆಚ್ಚು. ಮೂವತ್ತು ವರ್ಷದಿಂದ ಪುಣೆಯಲ್ಲಿರುವ ನನಗೆ ಈ ಸಂಗತಿ ಆ ಕುಣಿತಕ್ಕಿಂತ ಹೆಚ್ಚು ಹಿಡಿಸಿತು.

ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಅದಕ್ಕೂ ಮುಂಚಿನಿಂದಲೇ ಬಾಹಿಯಾ ಪ್ರಾಂತದ ಕಪ್ಪು ಜನ ಕೆಲಸ ಹುಡುಕಿಕೊಂಡು ಆಗಿನ ರಾಜಧಾನಿ ರಿಯೋ ಡಿ ಜನೈರೋಗೆ ಬರುತ್ತಿದ್ದರು. ಹಾಗೆ ಬಂದವರಲ್ಲಿ ಹಿಲಾರಿಯಾ ಬಟಿಸ್ಟಾ ಡಿ ಅಲ್ಮೇಡಾ ಒಬ್ಬರು. ಬೀದಿಯಲ್ಲಿ ಸಿಹಿತಿಂಡಿ ಮಾರಿ ಸಂಸಾರ ತೂಗಿಸಿದ ಹೆಂಗಸು. ಜನ ಕರೆದದ್ದು 'ಟಿಯಾ ಸಿಯಾಟಾ' ಅಂತ. ಟಿಯಾ ಅಂದರೆ ಚಿಕ್ಕಮ್ಮ ಅನ್ನಿ, ಅತ್ತೆ ಅನ್ನಿ. ಪ್ರಾಸಾ ಓನ್ಜೆ ಎಂಬ ಚೌಕದ ಹತ್ತಿರ ಆಕೆಯ ಮನೆ. ಊಟ, ಪೂಜೆ, ಹಾಡು ಎಲ್ಲವೂ ಅಲ್ಲೇ. ಮುಂಬಯಿಯ ಹಳೆಯ ಖಾನಾವಳಿಗಳಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಬಳಗದ ಡೋಂಗಾ ಎಂಬವರು 1916ರಲ್ಲಿ 'ಪೇಲೋ ಟೆಲಿಫೋನೆ' ಹಾಡನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿ ನೋಂದಾಯಿಸಿದರು.

ಪೋಲೀಸರಿಗೆ ಮಾತ್ರ ಈ ವಾದ್ಯಗಳನ್ನು ಕಂಡರೆ ಆಗುತ್ತಿರಲಿಲ್ಲ. ಪಾಂಡೇರೋ ಅಂತ ಒಂದಿದೆ: ಅಂಚಿಗೆ ಲೋಹದ ಬಿಲ್ಲೆ ಕೂರಿಸಿದ ಚರ್ಮವಾದ್ಯ, ನಮ್ಮ ಖಂಜಿರದ ದಾಯಾದಿ. 1908ರ ಸುಮಾರಿಗೆ ಜೋವಾಂವ್ ದಾ ಬಯಾನಾ ಅನ್ನುವವರ ಪಾಂಡೇರೋ ಪೋಲೀಸರ ಪಾಲಾಯಿತು. ಅವರು ನುಡಿಸಬೇಕಿದ್ದದ್ದು ಸೆನೆಟರ್ ಪಿನ್ಯೇರೋ ಮಶಾಡೋ ಅವರ ಮನೆಯಲ್ಲಿ. ಯಾಕೆ ಬರಲಿಲ್ಲ ಅಂತ ವಿಚಾರಿಸಿದ ಸೆನೆಟರು ಹೊಸ ಪಾಂಡೇರೋ ಮಾಡಿಸಿ, ಅದರ ಮೇಲೆ ತಮ್ಮ ಹೆಸರಿನ ಒಕ್ಕಣೆ ಬರೆಸಿ ಕೊಟ್ಟರಂತೆ. ಅದನ್ನು ಮುಟ್ಟುವ ಧೈರ್ಯ ಆಮೇಲೆ ಯಾವ ಪೇದೆಗೂ ಬರಲಿಲ್ಲ. ಬ್ಯಾಂಕಿನವನಾದ ನನಗೆ ದೊಡ್ಡವರ ಜಾಮೀನಿನ ಬೆಲೆ ಗೊತ್ತು, ನಗು ಬಂತು.

1928ರಲ್ಲಿ ಎಸ್ತಾಸಿಯೋ ಬಡಾವಣೆಯವರು 'ದೇಶಾ ಫಲಾರ್' ಎಂಬ ತಂಡ ಕಟ್ಟಿದರು. 'ಮಾತಾಡೋರು ಮಾತಾಡಲಿ ಬಿಡು' ಅಂತ ಅದರ ಅರ್ಥ! 1932ರಲ್ಲಿ ಪ್ರಾಸಾ ಓನ್ಜೆಯಲ್ಲೇ ಸಾಂಬಾ ಶಾಲೆಗಳ ಮೊದಲ ಸ್ಪರ್ಧೆ ನಡೆಯಿತು. ಹತ್ತೇ ವರ್ಷದಲ್ಲಿ ಹೆದ್ದಾರಿಗಾಗಿ ಆ ಚೌಕವನ್ನೇ ಕೆಡವಿದರು. ಈಗ ಮೆರವಣಿಗೆ ನಡೆಯುವುದು 1984ರಲ್ಲಿ ನೀಮೆಯರ್ ವಿನ್ಯಾಸದಂತೆ ಕಟ್ಟಿದ ಸಾಂಬಾದ್ರೋಮಿನಲ್ಲಿ.

ಅಲ್ಲಿನ ತಂಡಗಳಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ವಾದಕರು. ದೊಡ್ಡ ನಗಾರಿಗಳ ಗುಡುಗಿನ ನಡುವೆ ಮೇಲೆ ತೇಲುವ ಸಣ್ಣ ಸದ್ದು 'ಶೋಕಾಲ್ಯೋ'ದ್ದು. ಅಂಗಡಿಯವರು 'ರೋಕಾರ್' ಅಂತಲೂ ಅನ್ನುತ್ತಾರೆ. ಪಾಂಡೇರೋದ ಬಿಲ್ಲೆಗಳಂಥವೇ, ಆದರೆ ಚರ್ಮ ಇಲ್ಲ: ಲೋಹದ ಚೌಕಟ್ಟು, ಅಡ್ಡ ಸರಳು, ಸರಳಿನಲ್ಲಿ ಜೋಡಿ ಜೋಡಿ ಬಿಲ್ಲೆ. ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಬೇಕು, ತಾಳದ ಒಂದೊಂದು ಏಟಿಗೆ ನಾಲ್ಕು ಸಲ. ನಮ್ಮ ತಕಧಿಮಿ ಲೆಕ್ಕವೇ.

ಪುಣೆಯಲ್ಲೇ ಕೆಲಸದಲ್ಲಿರುವ ನನ್ನ ತಮ್ಮನ ಮಗಳಿಗೆ ಈ ಹುಚ್ಚು ಹತ್ತಿದೆ. ಅವಳಿಗೊಂದು ಶೋಕಾಲ್ಯೋ ಆರಿಸಲು ನಾನೂ ಹೋಗಿದ್ದೆ. ಅವಳ ಕಣ್ಣು ಐದು ಸಾಲಿನದರ ಮೇಲೆ.

"ಇದರ ಸದ್ದು ಜೋರು, ದೊಡ್ಡಪ್ಪಾ."

"ಜೋರು ಸರಿ, ಗಂಟೆಗಟ್ಟಲೆ ಎತ್ತಿ ಹಿಡೀಬೇಕಲ್ಲ, ತೋಳಿಗೆ ಆಗ್ತದಾ?" ಅಂದೆ.

ನಾಣ್ಯವನ್ನು ಮೇಜಿನ ಮೇಲೆ ಕುಟ್ಟಿ ಸದ್ದು ಕೇಳಿ ತೆಗೆದುಕೊಳ್ಳುತ್ತಿದ್ದ ಹಳೇ ಕ್ಯಾಷಿಯರ್‌ ಕಿವಿ ನನ್ನದು. ಒಮ್ಮೆ ಆಡಿಸಿ ಥಟ್ಟನೆ ನಿಲ್ಲಿಸಮ್ಮ ಅಂದೆ. ಒಂದರಲ್ಲಿ ಕೈ ನಿಂತ ಮೇಲೂ ಕಿಣಿಕಿಣಿ ಉಳಿಯಿತು. ಅಂಥದ್ದು ಬೇಡ, ನಾಲ್ಕು ಎಣಿಕೆಯೂ ಕಲಸಿ ಒಂದೇ ಗದ್ದಲವಾಗ್ತದೆ. ಇನ್ನೊಂದರ ಹಿಡಿಕೆಯ ಅಂಚು ಬೆರಳು ಕೊಯ್ಯುವಂತಿತ್ತು. ಕಡೆಗೆ ಒಪ್ಪಿಗೆಯಾದದ್ದು ಅಲ್ಯೂಮಿನಿಯಮ್ಮಿನ ಹಗುರ ಚೌಕಟ್ಟಿನ, ಮೂರು ಸಾಲಿನದು. ಕೈ ನಿಂತ ಕೂಡಲೇ ಸದ್ದೂ ನಿಲ್ಲುತ್ತಿತ್ತು. ಸರಳಿನ ತಿರುಪುಗಳನ್ನು ಬಿಚ್ಚಿ ಬಿಗಿ ಮಾಡಲು ಬರುತ್ತದೆಯೇ ಅಂತ ಅಂಗಡಿಯವನ ಕೈಲೇ ತೋರಿಸಿಕೊಂಡು, ಆಮೇಲೆ ದುಡ್ಡು ಎಣಿಸಿದೆ.