ಸೂಪು ಬಡಿಸುವ ಘಟಸರ್ಪ

ಘಟಸರ್ಪವೆಂದೊಡನೆ ಬೆಂಕಿಯುಗುಳುವ ಬಾಯಿಯೂ ಹೊಗೆ ಕಾರುವ ಮೂಗೂ ಕಣ್ಣಮುಂದೆ ನಿಲ್ಲುವುದು ಸಹಜ. ರಾಕ್ ಸಂಗೀತದ ಮೇಳವೊಂದು ಅಂಥ ಹೆಸರನ್ನು ಧರಿಸಿತೆಂದರೆ ಅದರ ಹಿಂದೆ ಯೌವನದ ಆರ್ಭಟವಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ 1985ರಲ್ಲಿ ಸ್ಕಾಟ್ಲೆಂಡಿನ ಬೆಲ್ಸ್‌ಹಿಲ್ ಎಂಬ ಊರಿನ ತರುಣರು ತಮ್ಮ ಮೇಳಕ್ಕೆ ‘ದ ಸೂಪ್ ಡ್ರ್ಯಾಗನ್ಸ್’ ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದುದು, ಹಸಿದು ಬಂದವರಿಗೆ ಹಸುರು ಬಣ್ಣದ ಸೂಪನ್ನು ಬಡಿಸುವ, ತಾಯಿಯಂಥ ಒಂದು ಬೊಂಬೆ.

ಆ ಬೊಂಬೆಯ ತವರು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ಕ್ಯಾಂಟರ್ಬರಿಯ ಸಮೀಪದ ಬ್ಲೀನ್ ಗ್ರಾಮದಲ್ಲಿದ್ದ ಒಂದು ಹಳೆಯ ದನದ ಕೊಟ್ಟಿಗೆ. ಆಲಿವರ್ ಪೋಸ್ಟ್‌ಗೇಟ್ ಕಥೆ ಬರೆದು, ಬೊಂಬೆಗಳನ್ನು ಎಳ್ಳಷ್ಟೆಳ್ಳಷ್ಟೇ ಸರಿಸುತ್ತ ಒಂದೊಂದು ಭಂಗಿಯನ್ನೂ ಬೇರೆಬೇರೆಯಾಗಿ ಚಿತ್ರಿಸಿಕೊಳ್ಳುವರು. ಬೊಂಬೆಗಳನ್ನೂ ಅವುಗಳ ಲೋಕವನ್ನೂ ಪೀಟರ್ ಫರ್ಮಿನ್ ನಿರ್ಮಿಸುವರು. ಫರ್ಮಿನ್ನರ ಪತ್ನಿ ಜೋನ್ ಗುಲಾಬಿ ಬಣ್ಣದ ಉಣ್ಣೆಯಲ್ಲಿ ಆ ಪುಟ್ಟ ಜೀವಿಗಳ ಮೈಯನ್ನು ಹೆಣೆದುಕೊಡುವರು. ಹೀಗೆ ಸಿದ್ಧವಾದ ‘ಕ್ಲ್ಯಾಂಗರ್ಸ್’ ಬಿ.ಬಿ.ಸಿ.ಯಲ್ಲಿ ಮೊದಲು ಪ್ರಸಾರವಾದುದು 1969ರ ನವೆಂಬರ್ 16ರಂದು. ಅದೇ ಹೊತ್ತಿಗೆ ಅಪೊಲೊ 12ರ ಯಾತ್ರಿಕರು ಚಂದ್ರನ ದಾರಿಯಲ್ಲಿದ್ದರು. ಕ್ಲ್ಯಾಂಗರುಗಳ ವಾಸವೂ ಚಂದ್ರನಂಥದೇ ಒಂದು ಸಣ್ಣ ಗ್ರಹದ ಒಡಲಿನಲ್ಲಿ. ಅಲ್ಲಿಯ ಕುಳಿಗಳಿಗೆಲ್ಲ ಕಸದ ಡಬ್ಬಿಯ ಮುಚ್ಚಳದಂಥ ಲೋಹದ ಮುಚ್ಚಳಗಳುಂಟು; ಅವು ಖಣಿಲ್ಲೆಂದು ಮುಚ್ಚಿಕೊಳ್ಳುವ ಸದ್ದೇ ಆ ಕುಲದ ಹೆಸರಾಯಿತು. ಒಳಗಿನ ಸೂಪಿನ ಬಾವಿಗಳ ಒಡತಿಯೇ ಈ ಘಟಸರ್ಪ.

ಕ್ಲ್ಯಾಂಗರುಗಳು ಮಾತನಾಡುವುದು ಸೀಟಿಯಲ್ಲಿ. ಒಳಗಿನ ಕಡ್ಡಿಯನ್ನು ಜಾರಿಸಿ ಸ್ವರವನ್ನು ಏರಿಳಿಸುವ ಆ ಕೊಳವೆಸೀಟಿಯನ್ನು ಊದುವವರ ಕೈಗೆ ಪೋಸ್ಟ್‌ಗೇಟರು ಇಂಗ್ಲಿಷಿನಲ್ಲಿಯೇ ಬರೆದ ಸಂಭಾಷಣೆಯನ್ನು ಕೊಡುತ್ತಿದ್ದರು. ಒಂದು ಕಂತಿನಲ್ಲಿ ಬಾಗಿಲು ಸಿಕ್ಕಿಕೊಂಡಾಗ ಪಾತ್ರವೊಂದು ಸಣ್ಣದೊಂದು ಬೈಗುಳನ್ನಾಡುವಂತೆ ಅವರು ಬರೆದಿದ್ದರಂತೆ. ಕೇಳುವವರಿಗೆ ಸೀಟಿಯಲ್ಲದೆ ಮತ್ತೇನೂ ಕೇಳಿಸದಾದರೂ, ಬಿ.ಬಿ.ಸಿ.ಯ ಅಧಿಕಾರಿಗಳು ಅದಕ್ಕೆ ಆಕ್ಷೇಪವೆತ್ತಿದರೆಂದು ಅವರೇ ಮುಂದೆ ವಿನೋದದಿಂದ ಹೇಳಿಕೊಂಡಿದ್ದಾರೆ. ಬರಿಯ ಸೀಟಿಯಲ್ಲಿಯೂ ಬೈಗುಳದ ಧಾಟಿ ಉಳಿದೇ ಉಳಿಯುತ್ತದೆಯೆಂಬ ಅಳುಕು ಅಧಿಕಾರಿಗಳಿಗಿದ್ದುದಾದರೆ, ನನ್ನ ಮಟ್ಟಿಗೆ ಆ ಧಾರಾವಾಹಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೊಂದಿಲ್ಲ.

ಗ್ಲಾಸ್ಗೋ ನಗರದ ಆಗ್ನೇಯಕ್ಕಿರುವ ಬೆಲ್ಸ್‌ಹಿಲ್ ಕಲ್ಲಿದ್ದಲನ್ನೂ ಕಬ್ಬಿಣವನ್ನೂ ನಂಬಿ ಬೆಳೆದ ಊರು. ಮೇಳದ ಗಾಯಕ ಶಾನ್ ಡಿಕ್ಸನ್ ಹುಟ್ಟಿದುದು 1967ರಲ್ಲಿ. ಆತನ ಪೀಳಿಗೆಯವರು ನಡೆಯಲು ಕಲಿಯುತ್ತಿದ್ದ ಹೊತ್ತಿನಲ್ಲಿ ಕ್ಲ್ಯಾಂಗರುಗಳು ಮನೆಮನೆಯ ದೂರದರ್ಶನದಲ್ಲಿ ಸೀಟಿಯೂದುತ್ತಿದ್ದುವು. ಬಾಸ್ ಗಿಟಾರ್ ಹಿಡಿದ ಸುಶೀಲ್ ಡೇಡ್ ಎಂಬ ಹೆಸರು ಭಾರತೀಯರ ಕಿವಿಗೆ ನೆಂಟನೊಬ್ಬನ ಹೆಸರಿನಂತೆ ಕೇಳಿಸೀತು. ಬಿ.ಎಮ್.ಎಕ್ಸ್. ಬ್ಯಾಂಡಿಟ್ಸ್, ಟೀನೇಜ್ ಫ್ಯಾನ್‌ಕ್ಲಬ್ ಮೊದಲಾದ ಮೇಳಗಳೂ ಇದೇ ಸಣ್ಣ ಊರಿನ ಗೆಳೆಯರ ಬಳಗದಿಂದಲೇ ಹೊಮ್ಮಿದುವೆಂಬುದು ಸೋಜಿಗ. 1986ರಲ್ಲಿ ಲಂಡನ್ನಿನ ಸಂಗೀತಪತ್ರಿಕೆ ಎನ್.ಎಮ್.ಇ. 22 ಹಾಡುಗಳ ‘ಸಿ86’ ಕ್ಯಾಸೆಟನ್ನು ಹೊರತಂದಾಗ ಸೂಪ್ ಡ್ರ್ಯಾಗನ್ಸರ ಹಾಡೂ ಅದರಲ್ಲಿ ಸೇರಿತು. ಕೈಯಲ್ಲಿ ಕಾಸಿಲ್ಲದ, ಕಂಠದಲ್ಲಿ ಪರಿಣತಿಯಿಲ್ಲದ, ಆದರೆ ತಮ್ಮ ಹಾಡನ್ನು ತಾವೇ ಕಟ್ಟುವ ಹಟವಿದ್ದ ಆ ಕಾಲದ ಮೇಳಗಳಿಗೆ ಕೊಟ್ಟಿಗೆಯಲ್ಲಿ ಹುಟ್ಟಿದ ಉಣ್ಣೆಯ ಬೊಂಬೆಗಳ ನೆಂಟಸ್ತನ ಒಪ್ಪುವಂಥದೇ.

ಯಶಸ್ಸು ಬಂದುದು ಬೇರೆಯ ದಾರಿಯಲ್ಲಿ. ರೋಲಿಂಗ್ ಸ್ಟೋನ್ಸರ 1965ರ ‘ಐ ಆಮ್ ಫ್ರೀ’ ಎಂಬ ಹಾಡಿಗೆ 1990ರಲ್ಲಿ ನೃತ್ಯಶಾಲೆಯ ತಾಳವನ್ನು ಕೂಡಿಸಿ, ಜಮೈಕಾದ ಜೂನಿಯರ್ ರೀಡ್ ಎಂಬ ಗಾಯಕನ ಕಂಠವನ್ನೂ ಬೆರೆಸಿ ಅವರು ಹಾಡಿದುದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. ಗಾಳಿ ಬಂದಾಗ ತೂರಿಕೊಂಡವರೆಂದು ವಿಮರ್ಶಕರು ಮೂದಲಿಸಿದರು. ಮೂದಲಿಕೆಯಲ್ಲಿ ಹುರುಳಿಲ್ಲದೆ ಇಲ್ಲ; ಆದರೂ ಇಪ್ಪತ್ತೈದು ವರ್ಷದ ಹಳೆಯ ಹಾಡನ್ನು ಹೊಸ ಕಾಲುಗಳು ಕುಣಿಯುವಂತೆ ಮಾಡುವುದು ಸುಲಭದ ಕೆಲಸವೆಂದು ನನಗೆ ತೋರದು. 1992ರಲ್ಲಿ ‘ಡಿವೈನ್ ಥಿಂಗ್’ ಅಮೆರಿಕದಲ್ಲಿಯೂ ಜನರನ್ನು ಮುಟ್ಟಿತು. 1990ರ ದಶಕದ ನಡುವಿನಲ್ಲಿ ಮೇಳ ಚದರಿಹೋಯಿತು.

ಪೋಸ್ಟ್‌ಗೇಟರು 2008ರಲ್ಲಿ, ಫರ್ಮಿನ್ನರು 2018ರಲ್ಲಿ ತೀರಿಕೊಂಡರು. ಅಷ್ಟರಲ್ಲಿ, 2015ರಿಂದ, ಕ್ಲ್ಯಾಂಗರುಗಳು ಹೊಸ ಮಕ್ಕಳಿಗಾಗಿ ಮತ್ತೆ ಬಿ.ಬಿ.ಸಿ.ಗೆ ಬಂದಿದ್ದುವು, ಘಟಸರ್ಪ ಮತ್ತೆ ಸೂಪು ಬಡಿಸಲಾರಂಭಿಸಿತು. 2023ರಲ್ಲಿ, ಮೊದಲಿನ ನಾಲ್ವರು ಗೆಳೆಯರೂ ಐವತ್ತು ದಾಟಿದ ವಯಸ್ಸಿನಲ್ಲಿ, ಅದೇ ಹೆಸರಿನ ಫಲಕದ ಕೆಳಗೆ ಮತ್ತೊಮ್ಮೆ ರಂಗವೇರಿದರು.